ಬಲ್ಮಠದ ಮಗ್ಗದಿಂದ ಪೋರ್ಟೊಬೆಲ್ಲೊ ರಸ್ತೆಯವರೆಗೆ

1834 ನಮ್ಮ ಸೀಮೆಯ ಪಾಲಿಗೆ ಎರಡು ಕಾರಣಕ್ಕೆ ದೊಡ್ಡ ವರ್ಷ. ಆ ವರ್ಷ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಅವನ ಆಳ್ವಿಕೆಗೆ ಸೇರಿದ್ದ ಅಮರಸುಳ್ಯದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಘಟ್ಟದ ಬುಡದ ಜನ ಅಲ್ಲಿಯವರೆಗೆ ಮಡಿಕೇರಿಯ ಕಡೆ ಮುಖ ಮಾಡಿದ್ದವರು, ಇನ್ನು ಮುಂದೆ ಮಂಗಳೂರಿನ ಕಚೇರಿಗೆ ತಲೆಬಾಗಬೇಕಾಯಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದು ಇಳಿದರು. ಒಂದು ಸಂಗತಿ ಬೆಟ್ಟದ ಕಡೆಯದು, ಇನ್ನೊಂದು ಕಡಲ ಕಡೆಯದು. ಇವೆರಡನ್ನೂ ಜೋಡಿಸಿ ನೋಡಿದರೆ ಜಗತ್ತಿನ ಬಟ್ಟೆಬರೆಯ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಇರುವ ಸ್ಥಾನ ಗೊತ್ತಾಗುತ್ತದೆ.

ಮೊದಲು ಬೆಟ್ಟದ ಕತೆ. ಕೊಡಗಿನ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪೆನಿಗೆ ನಗದೇ ಬೇಕು. ಭತ್ತ, ಅಡಿಕೆ, ಮೆಣಸು ಬೆಳೆಯುವ ಮನೆಗಳಲ್ಲಿ ನಾಣ್ಯ ಎಲ್ಲಿಂದ ಬರಬೇಕು? 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಬಂಟ್ವಾಳದ ದಾರಿಯಾಗಿ ಏಪ್ರಿಲ್ 5ಕ್ಕೆ ಮಂಗಳೂರು ಮುಟ್ಟಿದರು. ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಯಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಹೊರಗಿನಿಂದ ದಂಡು ಬಂತು. ದಂಗೆಯ ಮುಂದಾಳುಗಳಲ್ಲಿ ಲಕ್ಷ್ಮಪ್ಪ ಬಂಗರಸರನ್ನೂ ಕಲ್ಯಾಣಸ್ವಾಮಿ ಎಂದು ಹೆಸರಾದವನನ್ನೂ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ, ಮನೆಯವರ ಕಣ್ಣೆದುರಿಗೇ ಗಲ್ಲಿಗೇರಿಸಿದರು.

ಈ ದಂಗೆಯನ್ನು ಅಡಗಿಸಲು ಬಂದ ಕಂಪೆನಿಯ ಕಾಲಾಳುಗಳ ಮೈಮೇಲೆ ಕೆಂಪು ಕೋಟು ಇತ್ತು. ನಮ್ಮ ಕಾಡಿನ ಹಸುರಿನಲ್ಲಿ ಅರ್ಧ ಮೈಲಿ ದೂರದಿಂದಲೇ ಕಾಣುವ ಬಣ್ಣ ಅದು. ನೋಡಿದವನಿಗೆ ಭಯ ಹುಟ್ಟಬೇಕು ಎಂಬುದೇ ಅದರ ಉದ್ದೇಶ. ಕೋವಿಯ ಗುರಿ ಚುರುಕಾದ ಮೇಲೆ ಮಾತ್ರ ದಂಡಿನವರಿಗೆ, ಕಾಣದೆ ಇರುವುದು ಲೇಸು ಎಂಬ ವಿಚಾರ ಹೊಳೆಯಿತು. ಆ ಕಾಣದ ಬಣ್ಣ ಗಟ್ಟಿಯಾಗಿ ಕೂತ ಜಾಗಗಳಲ್ಲಿ ಒಂದು, ಬಾವುಟಗುಡ್ಡೆಯಿಂದ ನಡೆದೇ ಹೋಗಬಹುದಾದ ಬಲ್ಮಠ.

ಬಲ್ಮಠದ ಗುಡ್ಡದ ಜಾಗವನ್ನು ಮಿಷನ್ನಿಗೆ 1840ರಲ್ಲಿ ಬಿಟ್ಟುಕೊಟ್ಟವನು ಕಲೆಕ್ಟರ್ ಬ್ಲೇರ್. ಮರುವರ್ಷವೇ ಅಲ್ಲಿ ಅಚ್ಚುಕೂಟ ಶುರುವಾಯಿತು. 1843ರಲ್ಲಿ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ. ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆಯುವವರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತಾರೆ. ಆದರೆ ಮಿಷನ್ನಿಗೆ ಆಗ ಕಾಡುತ್ತಿದ್ದ ಚಿಂತೆ ಬೇರೆ. ಮತಾಂತರವಾದವರಲ್ಲಿ ಬಹುಪಾಲು ಬಿಲ್ಲವರು. ಸೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಜಾತಿ ಬಿಟ್ಟವನಿಗೆ ಗೇಣಿ ಭೂಮಿ ಉಳಿಯುವ ಭರವಸೆ ಇರಲಿಲ್ಲ, ಅಳಿಯಸಂತಾನದ ಮನೆಯಲ್ಲಿ ಪಾಲೂ ಇರಲಿಲ್ಲ. ದೇವರ ಮಾತು ಕೇಳಿ ಬಂದವರ ಹೊಟ್ಟೆಗೆ ದಾರಿ ಏನು? ಗಡಿಯಾರ ರಿಪೇರಿ, ಬಡಗಿ ಕೆಲಸ, ಪುಸ್ತಕ ಕಟ್ಟುವುದು ಹೀಗೆ ಒಂದೊಂದನ್ನೇ ಪ್ರಯೋಗ ಮಾಡಿದರು. 1844ರಲ್ಲಿ ನೇಯ್ಗೆಗೂ ಕೈಹಾಕಿದರು, ಮೊದಲಿಗೆ ಅದೂ ಅಷ್ಟಕ್ಕಷ್ಟೆ.

1851ರಲ್ಲಿ ಹಾಲರ್ ಎಂಬವನು ಬಂದ ಮೇಲೆ ಕೆಲಸ ಹಿಡಿತಕ್ಕೆ ಬಂತು. ಅವನು ಪಾದ್ರಿಗಿಂತ ಮೊದಲು ನೇಕಾರ, ಕಸುಬನ್ನು ಕೈಯಾರೆ ಕಲಿತವನು. 21 ಮಗ್ಗ, ಪಕ್ಕದಲ್ಲಿ ಒಂದು ಬಣ್ಣದ ಮನೆ, ಇಷ್ಟರಿಂದ ಅವನ ಕಾರ್ಖಾನೆ ಶುರುವಾಯಿತು. ನಮ್ಮ ಶೆಟ್ಟಿಗಾರರು ತಲೆತಲಾಂತರದಿಂದ ನೇಯುತ್ತಿದ್ದುದು ಕುಣಿಮಗ್ಗದಲ್ಲಿ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಹಾಸಿನ ನಡುವೆ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಎರಡು ಕೈ ಚಾಚಿದಷ್ಟೇ ಬಟ್ಟೆಯ ಅಗಲ. ಹಾಲರನ ಮಗ್ಗ ನೆಲದ ಮೇಲೆ ಚೌಕಟ್ಟು ಹಾಕಿ ನಿಲ್ಲಿಸಿದ್ದು. ಹಗ್ಗ ಜಗ್ಗಿದರೆ ಲಾಳಿ ತಾನೇ ಈ ಬದಿಯಿಂದ ಆ ಬದಿಗೆ ಓಡುತ್ತದೆ. ಅಗಲ ಹೆಚ್ಚಿತು, ವೇಗ ಹೆಚ್ಚಿತು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ಮಂದಿ ನೇಯ್ದ ಹತ್ತು ಹಾಸುಗಳೂ ಒಂದೇ ಅಳತೆಗೆ ಬರತೊಡಗಿದವು. ಸಮವಸ್ತ್ರ ಹೊಲಿಯಬೇಕಾದರೆ ಮೊದಲು ಬೇಕಾದದ್ದು ಇದೇ.

ಎರಡನೆಯದು ಬಣ್ಣ. 1852ರ ಸುಮಾರಿಗೆ ಹಾಲರ್ ಈ ಬಣ್ಣದ ಮನೆಯಲ್ಲಿ ಖಾಕಿಯನ್ನು ಸಾಧಿಸಿದನೆಂದೂ, ಅದಕ್ಕೆ ಗೇರಿನ ಜಾತಿಯ ಮರವೊಂದರ ರಸ ಬಳಸಿದನೆಂದೂ ಮಿಷನ್ನಿನ ಕತೆ ಹೇಳುತ್ತದೆ. ತೋಟದ ಗೇರು ಅಲ್ಲ, ಕಾಡಿನ ಕರಿಗೇರು. ಘಟ್ಟದ ಬುಡದವರಿಗೆ ಆ ಮರದ ಪರಿಚಯ ಬೇಕಾಗಿಲ್ಲ. ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ, ಹಾಗಾಗಿ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಮಡಿವಾಳರು ಅದೇ ಕಾಯಿಗೆ ಮುಳ್ಳು ಚುಚ್ಚಿ, ಒಸರಿದ ರಸದಿಂದ ಯಾರ ಮನೆಯ ಬಟ್ಟೆ ಎಂದು ಮೂಲೆಯಲ್ಲಿ ಗುರುತು ಹಾಕುತ್ತಿದ್ದರು. ಒಗೆದರೂ ಬಿಸಿಲಿಗೆ ಹಾಕಿದರೂ ಗುರುತು ಹೋಗುತ್ತಿರಲಿಲ್ಲ. ನೂಲಿನೊಳಗೆ ಇಳಿದು ಕೂರುವ ಈ ಗುಣ ಗೊತ್ತಿದ್ದ ಊರಿನಲ್ಲಿ, ಒಗೆತಕ್ಕೆ ಬಿಡದ ಮಣ್ಣಿನ ಬಣ್ಣ ಹುಟ್ಟಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಈ ಬಟ್ಟೆಯನ್ನು ಮೊದಲು ತೊಟ್ಟವರು ಕೆನರಾ ಜಿಲ್ಲೆಯ ಪೊಲೀಸರು ಎಂದೂ ಅದೇ ಕತೆ ಹೇಳುತ್ತದೆ. ಬೆಳ್ಳಾರೆಯ ಖಜಾನೆ ಕೈತಪ್ಪಿ ಹದಿನೈದು ವರ್ಷವಾಗಿತ್ತು ಅಷ್ಟೆ. ಆ ಜಿಲ್ಲೆಯನ್ನು ಕಾಯಲು ನಿಂತವರಿಗೆ, ಅದೇ ಜಿಲ್ಲೆಯಲ್ಲಿ ನೆಲೆ ಕಳೆದುಕೊಂಡವರು ಬಟ್ಟೆ ನೇಯ್ದರು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಖಾಕಿ ಲೋಕಕ್ಕೆ ಮಂಗಳೂರಿನಿಂದಲೇ ಬಂತು ಎಂದು ಅಭಿಮಾನದಿಂದ ಹೇಳುವವರು ಪೇಶಾವರವನ್ನು ಮರೆಯಬಾರದು. 1846ರ ಕೊನೆಗೆ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಅಲ್ಲಿ ಕಟ್ಟಿದ ‘ಗೈಡ್ಸ್’ ಪಡೆ ಒಂದೆರಡು ವರ್ಷಗಳಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಾಲರ್ ಮಂಗಳೂರಿಗೆ ಬರುವ ಮೊದಲೇ ಅದು ಆಗಿಹೋಗಿತ್ತು. ಆದ್ದರಿಂದ ತೊಟ್ಟವರಲ್ಲಿ ಮೊದಲಿಗರು ಪೇಶಾವರದವರು. ಸಲ್ಲಬೇಕಾದ್ದು ಅವರಿಗೆ ಸಲ್ಲಲಿ. ಬಲ್ಮಠದ ಹಕ್ಕು ಬೇರೆ. ಒಂದೇ ಸೂರಿನಡಿ ನೇಯ್ದು, ಬಣ್ಣ ಹಾಕಿ, ಒಂದು ಇಲಾಖೆಗೆ ಸಾಕಾಗುವಷ್ಟು ಒಂದೇ ಛಾಯೆಯ ಬಟ್ಟೆ ಒದಗಿಸಿದ ಕಸುಬುದಾರರ ಹಕ್ಕು ಅದು. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಏಕೆಂದರೆ ಖಾಕಿಯ ಮುಂದಿನ ಮೂವತ್ತು ವರ್ಷಗಳ ಚರಿತ್ರೆ ಎಂದರೆ ಬಣ್ಣ ನಿಲ್ಲದ ಗೋಳಿನ ಚರಿತ್ರೆ. 1857ರ ಬಂಡಾಯದ ಬೇಸಗೆಯಲ್ಲಿ ಬ್ರಿಟಿಷ್ ತುಕಡಿಗಳು ತಮ್ಮ ಬಿಳಿ ಬಟ್ಟೆಯನ್ನು ಚಹಾ, ಕಾಫಿ, ಶಾಯಿ, ಕೆಸರು, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಅದ್ದಿಕೊಂಡವು. ನಾಲ್ಕು ಒಗೆತ ಬಿದ್ದರೆ ಒಬ್ಬ ಹಳದಿ, ಇನ್ನೊಬ್ಬ ಬೂದಿ, ಮತ್ತೊಬ್ಬ ತಿಳಿನೀಲಿ. ಬಂಡಾಯ ಮುಗಿದದ್ದೇ ದಂಡು ಬಿಳಿಗೂ ಕೆಂಪಿಗೂ ಮರಳಿತು. ಮದ್ರಾಸ್ ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸ್ ಬಲ್ಮಠದ ಮಗ್ಗಗಳನ್ನು ನೋಡಿ, ಈ ಬಟ್ಟೆ ಸೇನೆಗೂ ಆಗಬಹುದೆಂದು ಶಿಫಾರಸು ಮಾಡಿದ ಎಂಬ ಮಾತು ಮಿಷನ್ನಿನವರಲ್ಲಿ ಬೆಳೆದುಬಂದಿದೆ. ಅವನು ಆ ಹುದ್ದೆಯಲ್ಲಿದ್ದದ್ದು 1881ರಿಂದ 85ರವರೆಗೆ. 1885ಕ್ಕೆ ಭಾರತದಲ್ಲಿದ್ದ ಸೇನೆಗೆಲ್ಲ ಖಾಕಿ ಬಂತು. ಅದೇ ಡಿಸೆಂಬರಿನಲ್ಲಿ ಸುಡಾನಿನ ಗಿನ್ನಿಸ್ ಎಂಬಲ್ಲಿ ಬ್ರಿಟಿಷರು ಕೆಂಪು ಕೋಟು ತೊಟ್ಟು ಕೊನೆಯ ಸಲ ಕಾಳಗಕ್ಕಿಳಿದರು.

ಅಷ್ಟರಲ್ಲಿ ಲಾಭ ಬೇರೆ ಕಡೆಗೆ ಹರಿದಿತ್ತು. 1884ರಲ್ಲಿ ಲ್ಯಾಂಕಶೈರಿನ ಆಕ್ರಿಂಗ್ಟನ್ ಊರಿನ ಗ್ಯಾಟಿ ಎಂಬ ಬಣ್ಣಗಾರ ಖಾಕಿಗೆ ಪೇಟೆಂಟ್ ಪಡೆದ. ಅವನದು ಎಲೆ, ತೊಗಟೆ, ಕಾಯಿಗಳ ದಾರಿಯಲ್ಲ. ಬಟ್ಟೆಯನ್ನು ಕಬ್ಬಿಣ ಮತ್ತು ಕ್ರೋಮಿಯಂ ಲವಣದ ನೀರಿನಲ್ಲಿ ತೋಯಿಸಿ ಕ್ಷಾರದಲ್ಲಿ ಹಾಯಿಸಿದರೆ, ನೂಲಿನೊಳಗೇ ತುಕ್ಕಿನಂಥ ಪುಡಿ ಕಟ್ಟಿಕೊಂಡು ಕೂರುತ್ತದೆ. ಬಿಸಿಲಿಗೂ ಸೋಪಿಗೂ ಅದು ಜಗ್ಗುವುದಿಲ್ಲ. ಆ ಬಟ್ಟೆ ಬಿರುಸು, ಹೊಲಿಯುವವರ ಸೂಜಿಯ ಮೊನೆ ಬೇಗ ಮೊಂಡಾಗುತ್ತದೆ. ಆದರೂ ಸಾಮ್ರಾಜ್ಯದ ಗಿರಣಿಗಳಿಗೆ ಅದು ಒಪ್ಪಿಗೆಯಾಯಿತು. ದಕ್ಷಿಣ ಆಫ್ರಿಕದಲ್ಲಿ 1899ರಲ್ಲಿ ಬೋಯರ್ ಯುದ್ಧ ಶುರುವಾದಾಗ ಬ್ರಿಟಿಷ್ ಸೈನಿಕರೆಲ್ಲ ಖಾಕಿಯಲ್ಲಿದ್ದರು. ಅಮೆರಿಕದ ಸೇನೆ ಅದರ ಹಿಂದಿನ ವರ್ಷ ಸ್ಪೇನಿನ ಮೇಲೆ ಯುದ್ಧಕ್ಕೆ ಹೋದಾಗಲೇ ಖಾಕಿ ತೊಡಲು ಶುರುಮಾಡಿತ್ತು. ನಮ್ಮ ದೇಶದಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಗಿರಣಿಯ ಖಾಕಿಗೆ ಹೆಸರಾಯಿತು. ಮಂಗಳೂರಿನಲ್ಲಿ ಕೈಮಗ್ಗದ ಪಾಲು ಕುಗ್ಗುತ್ತ ಬಂತು, ಮಿಷನ್ನಿನ ಹೆಸರು ಅದರ ಕಾರ್ಖಾನೆಗಳ ಹೆಂಚಿನ ಮೇಲೆ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಆಸ್ತಿ ಎಂದು ಸರಕಾರ ಕಾರ್ಖಾನೆಗಳನ್ನು ಮುಟ್ಟುಗೋಲು ಹಾಕಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು. ಮಿಷನ್ನಿನ ನೇಯ್ಗೆಯ ಇನ್ನೊಂದು ದೊಡ್ಡ ಕೇಂದ್ರವಾಗಿದ್ದ ಕೋಝಿಕ್ಕೋಡಿನ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು.

ಹಾಲರ್ ಎಂಬ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಲಮ್ಸ್‌ಡೆನ್, ಗ್ಯಾಟಿ, ರಾಬರ್ಟ್ಸ್ ಉಳಿದಿದ್ದಾರೆ. ಬಲ್ಮಠದ ಆ 21 ಮಗ್ಗಗಳ ಮುಂದೆ ಕೂತು ಹಗ್ಗ ಜಗ್ಗಿದವರ ಒಂದು ಹೆಸರೂ ಖಾಕಿಯ ಯಾವ ಕತೆಯಲ್ಲೂ ಬರುವುದಿಲ್ಲ.

ದಂಡಿನ ಬಟ್ಟೆ ಫ್ಯಾಷನ್ ಆದದ್ದು ಆಮೇಲಿನ ಕತೆ. ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪು, ಅಮೆರಿಕಗಳ ಗೋದಾಮುಗಳಲ್ಲಿ ಸೈನಿಕರ ಬಟ್ಟೆ ರಾಶಿ ಬಿದ್ದಿತ್ತು. ಅಲ್ಲಿನ ಸರಕಾರಗಳು ಅದನ್ನು ಸಗಟಿಗೆ ಹರಾಜು ಹಾಕಿದವು. ಯುದ್ಧದಿಂದ ಮರಳಿ ಸರಕಾರದ ಖರ್ಚಿನಲ್ಲಿ ಕಾಲೇಜು ಸೇರಿದ ಅಮೆರಿಕದ ತರುಣರು ದಂಡಿನ ಖಾಕಿ ಪ್ಯಾಂಟನ್ನೇ ತರಗತಿಗೂ ತೊಟ್ಟುಕೊಂಡು ಹೋದರು. ಬಡತನಕ್ಕೆ ಅಲ್ಲ, ಅಭ್ಯಾಸಕ್ಕೆ. ಅಲ್ಲಿಂದ ಅದು ಕಾಲೇಜಿನವರ ಗುರುತಾಯಿತು. 1960ರ ದಶಕದ ಆರಂಭಕ್ಕೆ ಇಂಗ್ಲೆಂಡಿನಲ್ಲಿ ‘ಮಾಡ್’ ಎಂದು ಕರೆಸಿಕೊಂಡ ಕೂಲಿಕಾರರ ಮನೆಯ ಹುಡುಗರು ಚೊಕ್ಕ ಸೂಟು ಹೊಲಿಸಿಕೊಂಡು, ಸ್ಕೂಟರಿನ ಧೂಳು ತಾಗದಂತೆ ಮೇಲೆ ಅಮೆರಿಕನ್ ಸೇನೆಯ ಹಳೆಯ ಪಾರ್ಕಾ ಕೋಟು ಹಾಕಿಕೊಂಡರು. ವಿಯೆಟ್ನಾಂ ಯುದ್ಧದ ಕಾಲಕ್ಕೆ, ಯುದ್ಧ ಬೇಡ ಎಂದು ಬೀದಿಗಿಳಿದವರ ಮೈಮೇಲೂ ಸೇನೆಯ ಅಂಗಿಯೇ ಇತ್ತು. ಅದನ್ನು ತೊಟ್ಟವರಲ್ಲಿ ಆ ಯುದ್ಧದಿಂದ ಮರಳಿ ಬಂದವರೂ ಇದ್ದರು. ಅವರ ಮೈಮೇಲೆ ಆ ಅಂಗಿ ಸಾಕ್ಷಿ ಹೇಳುತ್ತಿತ್ತು.

ಹಳೆಯ ಸೈನಿಕ ಉಡುಪಿನ ಈ ಸೆಳೆತ ಅಂಗಡಿಕಾರರಿಗೆ ತಿಳಿಯಲು ತಡವಾಗಲಿಲ್ಲ. 1960ರ ದಶಕದ ನಡುವೆ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯಲ್ಲಿ ‘ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆ’ ಎಂಬ ಉದ್ದ ಹೆಸರಿನ ಬೂಟೀಕು ತೆರೆಯಿತು. ಕಿಚನರ್ ಎಂದರೆ ಬೋಯರ್ ಯುದ್ಧದ, ಮುಂದೆ ಭಾರತದ ದಂಡನಾಯಕ. ಆ ಅಂಗಡಿಯಲ್ಲಿ ಸಿಗುತ್ತಿದ್ದುದು ವಿಕ್ಟೋರಿಯಾ ರಾಣಿಯ ಕಾಲದ ಹಳೆಯ ಸೈನಿಕ ಉಡುಪು. 1966ರಲ್ಲಿ ಮಿಕ್ ಜಾಗರ್ ಅಲ್ಲಿ ಕೊಂಡ ಕೆಂಪು ಕೋಟನ್ನು ಟಿವಿ ಕಾರ್ಯಕ್ರಮಕ್ಕೆ ಹಾಕಿಕೊಂಡದ್ದೇ ತಡ, ಅಂಗಡಿಯ ಮುಂದೆ ಸಾಲು ನಿಂತಿತು. ಜಿಮಿ ಹೆಂಡ್ರಿಕ್ಸ್ ತೊಟ್ಟು ಪ್ರಸಿದ್ಧವಾದ ಕಸೂತಿಯ ಸೈನಿಕ ಜಾಕೆಟ್ಟಿನ ಜೊತೆಯೂ ಇದೇ ಅಂಗಡಿಯ ಹೆಸರು ಬರುತ್ತದೆ. ಮಂಗಳೂರಿನ ಗುಡ್ಡೆಯಿಂದ ನಮ್ಮವರನ್ನು ಇಳಿಸಿದ ಕೆಂಪು ಬಣ್ಣ 130 ವರ್ಷದೊಳಗೆ ಸಂಗೀತದ ಹುಡುಗರ ಮೋಜಿನ ಉಡುಪಾಗಿತ್ತು. ಅವರನ್ನು ನಾನು ದೂರುವುದಿಲ್ಲ. ಆ ಕೋಟಿನ ಗತ್ತನ್ನು ಕಳಚಿಹಾಕಿದವರು ಅವರು.

ಖಾಕಿಯ ಮೇಲೇ ಇಡೀ ಅಂಗಡಿ ಕಟ್ಟಿದವರು ಕ್ಯಾಲಿಫೋರ್ನಿಯಾದ ಝೀಗ್ಲರ್ ದಂಪತಿ. ಗಂಡ ಮೆಲ್ ಪತ್ರಿಕಾ ವರದಿಗಾರ, ಹೆಂಡತಿ ಪಟ್ರೀಷಿಯಾ ಚಿತ್ರಕಾರ್ತಿ. 1978ರಲ್ಲಿ ಮಿಲ್ ವ್ಯಾಲಿ ಎಂಬ ಸಣ್ಣ ಊರಿನಲ್ಲಿ, ಸ್ಪೇನ್ ಸೇನೆಯ ಹಳೆಯ ಅಂಗಿಗಳನ್ನು ಇಟ್ಟುಕೊಂಡು ‘ಬನಾನಾ ರಿಪಬ್ಲಿಕ್’ ಶುರುಮಾಡಿದರು. ಕೈಯಲ್ಲಿ ದುಡ್ಡಿರಲಿಲ್ಲ, ಆದ್ದರಿಂದ ಪ್ರತಿ ಬಟ್ಟೆಗೂ ಒಂದು ಚಿತ್ರ, ಒಂದು ಕತೆ ಬರೆದು ಪಟ್ಟಿ ಅಚ್ಚು ಮಾಡಿಸಿದರು. 1983ರಲ್ಲಿ ಗ್ಯಾಪ್ ಕಂಪೆನಿ ಅದನ್ನು ಕೊಂಡ ಮೇಲೆ ಅಂಗಡಿಯ ವಿನ್ಯಾಸ ರಂಗಸಜ್ಜಿಕೆಯ ಮಟ್ಟಕ್ಕೆ ಹೋಯಿತು. ಕಿಟಕಿಯಲ್ಲಿ ನಿಜವಾದ ಜೀಪು, ಸುತ್ತ ಕಾಡುಗಿಡ, ಬೇಟೆಗೆ ಹೊರಟ ಸಾಹೇಬರ ಬಿಡಾರದ ವಾತಾವರಣ. ಗಿರಾಕಿ ಒಳಗೆ ಕಾಲಿಟ್ಟರೆ ಆಫ್ರಿಕಕ್ಕೋ ಭಾರತಕ್ಕೋ ಹೊರಟ ಹಾಗೆ ಅನಿಸಬೇಕು. 1988ರಲ್ಲಿ ದಂಪತಿ ಹೊರಬಂದರು. ಜೀಪುಗಳೂ ಒಂದೊಂದಾಗಿ ಮಾಯವಾದವು. ಅಂಗಡಿಯ ವಿನ್ಯಾಸ ಕಲಿಯುವವರು ಇವತ್ತಿಗೂ ಅದನ್ನು ಮಾದರಿ ಎಂದು ಓದುತ್ತಾರೆ. ಓದಬೇಕಾದದ್ದೇ. ಹಳೆಯ ಬಟ್ಟೆಯನ್ನು ಅದರ ಕತೆಯ ಸಮೇತ ಮಾರಬಹುದು ಎಂದು ಅವರು ತೋರಿಸಿಕೊಟ್ಟರು. ಆದರೆ ಆ ಕತೆಯಲ್ಲಿ ಇದ್ದದ್ದು ಬಟ್ಟೆ ತೊಟ್ಟ ಸಾಹೇಬನೇ. ನೇಯ್ದವನ, ಬಣ್ಣದ ಹಂಡೆಯಲ್ಲಿ ಕೈ ಅದ್ದಿದವನ ಸುದ್ದಿ ಅಲ್ಲೂ ಇರಲಿಲ್ಲ.

ಘಟ್ಟದ ಬುಡದ ಕೊಲ್ಲಮೊಗ್ರಿನಲ್ಲಿ ಖಾಕಿಯನ್ನು ಯಾರೂ ಫ್ಯಾಷನ್ ಎನ್ನಲಿಲ್ಲ. ಅರಣ್ಯ ಇಲಾಖೆಯ ಗಾರ್ಡು, ಸುಬ್ರಹ್ಮಣ್ಯಕ್ಕೆ ಬಾಡಿಗೆ ಹೊಡೆಯುವ ಜೀಪಿನ ಡ್ರೈವರು, ಕರೆಂಟಿನ ಲೈನಿಗೆ ಹತ್ತುವವರು, ಬಸ್ಸಿನ ಕಂಡಕ್ಟರು, ಎಲ್ಲರದೂ ಖಾಕಿ. ಒಂದು ಕಾಲಕ್ಕೆ ಸರಕಾರಿ ಶಾಲೆಯ ಹುಡುಗರಿಗೆ ಬಿಳಿ ಅಂಗಿ, ಖಾಕಿ ಚಡ್ಡಿ. ಅಣ್ಣನ ಚಡ್ಡಿ ತಮ್ಮನಿಗೆ, ಕೂತು ಸವೆದ ಹಿಂಬದಿಗೆ ಬೇರೆ ಛಾಯೆಯ ಖಾಕಿಯ ಎರಡು ತೇಪೆ. ತೋಟದ ಕೆಲಸಕ್ಕೂ ಹಳೆಯ ಖಾಕಿ ಚಡ್ಡಿಯೇ ಹಿತ. ಬಾಳೆಯ ಕರೆ, ಗೇರಿನ ಸೊನೆ, ಬೋರ್ಡೋ ಮದ್ದು ಸಿಂಪಡಿಸುವಾಗ ಹಾರುವ ಸುಣ್ಣ, ಮಳೆಗಾಲದ ಕೆಸರು, ಯಾವುದೂ ಅದರ ಮೇಲೆ ಎದ್ದು ಕಾಣುವುದಿಲ್ಲ. ಸೈನಿಕನನ್ನು ಶತ್ರುವಿನಿಂದ ಅಡಗಿಸಲು ಬಂದ ಬಣ್ಣ ನಮ್ಮಲ್ಲಿ ದುಡಿಮೆಯ ಕಲೆಯನ್ನು ಅಡಗಿಸಲು ಒದಗಿತು. ಸುಳ್ಯ, ಪುತ್ತೂರು ಸೀಮೆಯ ಸರಕಾರಿ ರಬ್ಬರ್ ತೋಟಗಳಲ್ಲಿ, 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಹಾಲು ಕೊಯ್ಯಲು ನಿಂತವು. ಆ ಹಾಲು ಒಣಗಿ ಅಂಟಿದ ಬಟ್ಟೆಯನ್ನು ನೋಡಿದವರಿಗೆ ಗೊತ್ತು, ಅದು ಒಗೆತಕ್ಕೆ ಬಿಡುವುದಿಲ್ಲ. ‘ವಿಂಟೇಜ್ ವರ್ಕ್‌ವೇರ್’ ಎಂದು ನಗರದ ಬೂಟೀಕುಗಳಲ್ಲಿ ಸಾವಿರಾರು ರೂಪಾಯಿಗೆ ತೂಗುಹಾಕುವುದು ಇಂಥ ಬಟ್ಟೆಯನ್ನೇ. ನಮ್ಮಲ್ಲಿ ಅದು ಕೊನೆಗೆ ಅಡಿಗೆಮನೆಯಲ್ಲಿ ಹಂಡೆ ಇಳಿಸುವ ಮಸಿಬಟ್ಟೆಯಾಗಿ ಮುಗಿಯುತ್ತಿತ್ತು. ಅದಕ್ಕೇ ಇವತ್ತು ಹುಡುಕಿದರೂ ಒಂದು ಹಳೆಯ ಚಡ್ಡಿ ಸಿಗುವುದಿಲ್ಲ. 2025ರಲ್ಲಿ ಕರ್ನಾಟಕದ ಪೊಲೀಸ್ ಪೇದೆಗಳ ಅಗಲ ಅಂಚಿನ ಟೊಪ್ಪಿಯೂ ಬದಲಾಗಿ ನೀಲಿ ಕ್ಯಾಪು ಬಂತು. ಆ ಟೊಪ್ಪಿಗಳಲ್ಲಿ ನಾಲ್ಕನ್ನಾದರೂ ಯಾರಾದರೂ ಎತ್ತಿಟ್ಟಿದ್ದರೆ ಚೆನ್ನಾಗಿತ್ತು.

ಮಗ್ಗದ ಕತೆ ಮಾತ್ರ ಪೂರ್ತಿ ಮುಗಿದಿಲ್ಲ. ಹಾಲರನ ಕಾಲದಲ್ಲಿ ಬಂದ ಚೌಕಟ್ಟಿನ ಮಗ್ಗ ಕಾರ್ಖಾನೆಯ ಗೋಡೆ ದಾಟಿ ಶೆಟ್ಟಿಗಾರರ ಜಗಲಿಗೆ ಹೋಯಿತು. ಸ್ವಾತಂತ್ರ್ಯದ ಆಚೀಚೆ ಕರಾವಳಿಯಲ್ಲಿ ನೇಕಾರರ ಸಹಕಾರ ಸಂಘಗಳು ಹುಟ್ಟಿದವು. ಅಲ್ಲಿ ನೇಯ್ದದ್ದು ಉಡುಪಿ ಸೀರೆ: ಶುದ್ಧ ಹತ್ತಿ, ಸಣ್ಣ ಚೌಕುಳಿ, ಎದ್ದು ಕಾಣುವ ಅಂಚು. ನಮ್ಮ ಅಜ್ಜಿಯಂದಿರು ಗದ್ದೆಗೂ ಮದುವೆಗೂ ಉಟ್ಟದ್ದು. ನೈಲಾನು, ಪಾಲಿಯೆಸ್ಟರು ಬಂದ ಮೇಲೆ ಮಗ್ಗಗಳು ಅಟ್ಟ ಸೇರಿದವು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಆದರೆ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಎಂಟೇ ಮಂದಿ ಉಳಿದಿದ್ದ ಹೊತ್ತಿಗೆ ಕದಿಕೆ ಟ್ರಸ್ಟ್ ಅವರ ಬೆನ್ನಿಗೆ ನಿಂತಿತು. ಟ್ರಸ್ಟಿನ ಮಮತಾ ರೈ ಮತ್ತು ಸಂಗಡಿಗರು ಹಳೆಯ ವಿನ್ಯಾಸ ಹುಡುಕಿಸಿದರು, ಸಸ್ಯದ ಬಣ್ಣ ತಂದರು, ಕಿರಿಯರಿಗೆ ನೇಯ್ಗೆ ಕಲಿಸಿದರು, ಸೀರೆಗೆ ನೇಯ್ದವರ ಹೆಸರಿನ ಚೀಟಿ ಕಟ್ಟಿದರು. ನೂರೆಪ್ಪತ್ತು ವರ್ಷದ ಹಿಂದೆ ಬಲ್ಮಠದಲ್ಲಿ ಆಗದೇ ಹೋದ ಕೆಲಸ ಈ ಚೀಟಿಯಲ್ಲಿ ಆಗುತ್ತಿದೆ.

ಹಾಗಾದರೆ ಹಳೆಯ ಬಟ್ಟೆಯ ಕತೆ ಹೇಳುವ ಬೂಟೀಕು ಮಂಗಳೂರಿನಲ್ಲಿ ತೆರೆದರೆ ಅದು ಹೇಗಿರಬೇಕು? ಲಂಡನ್ನಿನ ಇಟ್ಟಿಗೆ ಗೋಡೆ, ತೂಗುದೀಪಗಳನ್ನು ನಕಲು ಮಾಡುವ ಅಂಗಡಿಗಳು ಈಗಾಗಲೇ ಸಾಕಷ್ಟಿವೆ. ಇಲ್ಲಿ ಕಿಟಕಿಯಲ್ಲಿ ಜೀಪಿನ ಬದಲು ಮಗ್ಗ ನಿಲ್ಲಲಿ, ಲಾಳಿಯ ಸದ್ದು ರಸ್ತೆಗೆ ಕೇಳಲಿ. ಗೋಡೆಯ ಒಂದು ಬದಿಗೆ 1837ರ ಕೆಂಪು, ಎದುರು ಬದಿಗೆ 1852ರ ಖಾಕಿ. ಮಿಷನ್ನಿನ ಹಳೆಯ ದಾಖಲೆಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿವೆ. ಅಲ್ಲಿ ಕೂತು ನೇಕಾರರ ಹೆಸರು ಹುಡುಕುವ ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳು ಸಾಕು. ಬಟ್ಟೆಗೆ ಮಾದರಿಯೂ ಇದೆ: ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಸಂಸ್ಥೆ ಸಸ್ಯದ ಬಣ್ಣದ ಬಟ್ಟೆ ನೇಯ್ದು, ‘ದೇಸಿ’ ಅಂಗಡಿಗಳ ಮೂಲಕ ವರ್ಷಗಟ್ಟಲೆ ಮಾರಿ ತೋರಿಸಿದೆ, ಅದೂ ಮಲೆನಾಡಿನ ಹೆಣ್ಣುಮಕ್ಕಳ ಕೈಯಿಂದ. ಕರಿಗೇರಿನ ರಸ ಕೈಸುಡುವುದು, ಅದನ್ನು ಕೆಲಸದವರಿಂದ ಮಾಡಿಸಬಾರದು. ಬಣ್ಣಕ್ಕೆ ಅಡಿಕೆಯ ಚೊಗರು ಸಾಕು. ನಮ್ಮಲ್ಲಿ ಅಡಿಕೆ ಒಣಗಿಸಿ ಚಾಲಿ ಮಾಡುವುದರಿಂದ ಚೊಗರು ಸಿಗುವುದಿಲ್ಲ, ಘಟ್ಟದ ಮೇಲೆ ಕೆಂಪಡಿಕೆ ಬೇಯಿಸುವ ಮನೆಗಳಿಂದ ತರಿಸಬೇಕು. ಚೊಗರಿಗೆ ಕಬ್ಬಿಣದ ನೀರು ಬೆರೆಸಿದರೆ ಕೆಂಗಂದು ಇಳಿದು ಮಂಕಾಗುತ್ತ ಬರುತ್ತದೆ, ಹೆಚ್ಚಾದರೆ ಕಪ್ಪಿಗೆ ಹೋಗುತ್ತದೆ. ಎಲ್ಲಿ ನಿಲ್ಲಿಸಿದರೆ ಖಾಕಿ ಎಂಬುದನ್ನು ಒಂದೊಂದು ಲಡಿ ನೂಲು ಅದ್ದಿ, ಒಣಗಿಸಿ, ಒಗೆದು ನೋಡಬೇಕು. ಮೊದಲ ಹಾಸು ಒಂದು ಚಡ್ಡಿಗೆ, ಒಂದು ಅಂಗಿಗೆ ಆಗುವಷ್ಟಿದ್ದರೆ ಸಾಕು. ನೇಯ್ದವರ ಹೆಸರನ್ನು ಒಳಬದಿಯ ಪಟ್ಟಿಯ ಮೇಲೆ ಕನ್ನಡದಲ್ಲೇ ಹೊಲಿಯಬೇಕು.